ಗಾಳಿಯಲ್ಲಿ ಓಡಿದ ಸೈಕಲ್

ಅಕ್ಕಾ, ಶರಣು.

ಭೀಮರಾಯನಗುಡಿಗೆ ಬಂದು ತಿಂಗಳಾಗಿಲ್ಲ, ನೀನು ಕೊಡಿಸಿದ ಬ್ಯಾಟರಿ ಸೈಕಲ್ಲನ್ನು ನಿನ್ನೆ ಕಾಲುವೆ ಸೇತುವೆ ಮೇಲೆ ಸಾರಿಗೆ ಇಲಾಖೆಯವರು ಹಿಡಿದರು. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟುವ ಸೈಕಲ್ಲಿಗೆ ಲೈಸೆನ್ಸ್ ಬೇಕಂತೆ. ತಪಾಸಣೆಯ ಸಾಹೇಬ ನನ್ನನ್ನು ಇಳಿಸಿ, ಹಿಂದಿನ ಗಾಲಿ ಮೇಲೆತ್ತಿಸಿ, ಗಾಳಿಯಲ್ಲೇ ತಿರುಗಿಸಿ ಅಳೆದ. ಮೂವತ್ತೆರಡು ಬಂತು!

“ನಾ ಕುಂತ್ರ ಹದಿನೆಂಟೂ ದಾಟಂಗಿಲ್ರಿ ಸಾಹೇಬ್ರ” ಎಂದೆ.

“ನಿನ್ನ ತೂಕ ಕಾನೂನಿನ್ಯಾಗ ಇಲ್ಲಬೇ” ಎಂದ.

ಅಷ್ಟರಲ್ಲಿ ಮರಳಿನ ಟಿಪ್ಪರೊಂದು ನಮ್ಮಿಬ್ಬರಿಗೂ ಧೂಳೆರಚಿ ಹಾರಿಹೋಯಿತು. ಅದರ ಗಾಲಿ ಎತ್ತುವವರು ಯಾರೂ ಇರಲಿಲ್ಲ. ನನ್ನ ಸೈಕಲ್ ಜೀಪಿಗೇರಿತು.

ಈಗ ಕೆಲಸಕ್ಕೆ ನಡೆದೇ ಹೋಗುತ್ತೇನೆ. ಹಿಮ್ಮಡಿ ಒಡೆದಿವೆ, ಊರಿಂದ ಬರುವವರ ಕೈಯಲ್ಲಿ ಮುಲಾಮು ಕಳಿಸು. ಅಂಚೆ ಕಾರ್ಡು ತುಂಬಿತು.

ಗಂಟೆಗೆ ನಾಲ್ಕೇ ಕಿಲೋಮೀಟರ್ ಹೋಗುವ, ಪೂರಾ ಕಾನೂನಿನೊಳಗಿರುವ
ನಿನ್ನ ತಂಗಿ
ಸಾಯಬಮ್ಮ