ಎರಡು ಊರಿನ ಅಮಾಸಿ

ಚಂದ್ರವ್ವಕ್ಕಾ, ನಿನ್ನ ಗಂಗಿಯ ಶರಣು.

ನೀನು ಹೋಗಿ ವರ್ಷವಾಯಿತು. ಬದುಕಿದ್ದಾಗ ನಿನ್ನ ಮುಖ ನೋಡಿ ಹೇಳಲಾಗದ್ದನ್ನು ಈಗ ಕಾಗದದ ಮೇಲೆ ಹೇಳುತ್ತಿದ್ದೇನೆ. ಸಿಟ್ಟು ಬಂದರೆ ಬೈದುಬಿಡು. ಬೈಯುವವರಿಲ್ಲದೆ ನಾನೂ ಬೇಸತ್ತಿದ್ದೇನೆ.

ನೆನಪಿದೆಯಾ, ತಾಂಬಾದಲ್ಲಿ ಮೊದಲ ಸಲ ನಿನ್ನ ಹಿಂದೆ ಒಂಟಿ ತಂತಿಯ ತುಂತುಣಿ ಹಿಡಿದು ನಾನು ನಿಂತದ್ದು? ನೀನು ಡಪ್ಪು ಬಾರಿಸಿ ಗೀಗೀ ಪದ ಎತ್ತಿಕೊಂಡರೆ ಇಂಡಿ, ಸಿಂದಗಿ ಕಡೆಯ ಹಳ್ಳಿಯವರು ಅಡುಗೆ ಬಿಟ್ಟು ಎದ್ದು ಬರುತ್ತಿದ್ದರು. ಆದರೆ ಹಾಡಿಗಿಂತ ಹೆಚ್ಚು ನೀನು ಕಲಿಸಿದ್ದು ವ್ಯವಹಾರ. ಇನ್ನೊಂದು ಮೇಳದವರನ್ನು ಆಡಿಕೊಳ್ಳಬಾರದು. ಗೌಡರು ಮುಂದೆ ಕೂತಿದ್ದರೂ, ಹಿಂದೆ ಗೋಡೆಗೆ ಆತು ನಿಂತ ಹೆಣ್ಣುಮಕ್ಕಳಿಗೆ ಕೇಳುವಂತೆ ಹಾಡಬೇಕು. ಕರೆಯಲು ಬಂದವರ ಎಲೆ-ಅಡಿಕೆ ಹಿಡಿದೆವೋ, ಮುಗಿಯಿತು, ಹೋಗಲೇಬೇಕು. "ಹಾಡ ಬಂದ್ರ ಮ್ಯಾಳ ಆಗೂದಿಲ್ಲ ಗಂಗೀ, ಮಾತ ಉಳದ್ರ ಮ್ಯಾಳ" ಅನ್ನುತ್ತಿದ್ದೆ.

ಮುಂದೊಂದು ವರ್ಷ ಎಲೆ-ಅಡಿಕೆ ಹಿಡಿಯುವ ಕೆಲಸವನ್ನು ನನಗೆ ಒಪ್ಪಿಸಿದೆ. ನನಗೋ ಕೋಡು ಮೂಡಿತ್ತು. ಕನ್ನೊಳ್ಳಿಯವರು ಮೊದಲು ಬಂದು "ಅಮಾಸಿ ದಿನ ಬರ್ರಿ" ಎಂದು ಎಲೆ ಕೊಟ್ಟರು. ನಾಲ್ಕು ದಿನ ಬಿಟ್ಟು ಮುದ್ದೇಬಿಹಾಳ ಕಡೆಯ ಗುರಪ್ಪ ಬಂದು "ಅಮಾಸಿ ಮರುದಿನ ನಮ್ಮೂರಿಗೆ" ಎಂದ. ಒಂದು ದಿನ ಅಲ್ಲಿ, ಮರುದಿನ ಇಲ್ಲಿ, ಎರಡನ್ನೂ ಹಿಡಿದೆ. ಆ ತಿಂಗಳ ಅಮಾವಾಸ್ಯೆ ರವಿವಾರ ಮಧ್ಯಾಹ್ನ ಹತ್ತಿ ಸೋಮವಾರ ಮಧ್ಯಾಹ್ನದವರೆಗೆ ಇತ್ತು. ನಮ್ಮೂರಲ್ಲೂ ಗುರಪ್ಪನ ಊರಲ್ಲೂ ಅದನ್ನು ರವಿವಾರ ಮಾಡಿದರು. ಕನ್ನೊಳ್ಳಿಯಲ್ಲಿ ಸೋಮವಾರ. ಎರಡೂ ಊರಿನ ಹಾಡು ಒಂದೇ ದಿನಕ್ಕೆ ಬಿದ್ದಿತ್ತು. ಯಾವ ವಾರ ಎಂದು ಒಂದೇ ಒಂದು ಮಾತು ಕೇಳಿದ್ದರೆ...

ರವಿವಾರವಿಡೀ ಕನ್ನೊಳ್ಳಿಯ ಗಾಡಿಯ ದಾರಿ ಕಾದೆವು. ಬರಲಿಲ್ಲ. ಸೋಮವಾರ ಬೆಳಿಗ್ಗೆ ಮುದ್ದೇಬಿಹಾಳದ ಕಡೆ ಹೊರಡುವಷ್ಟರಲ್ಲಿ ಬಾಗಿಲ ಮುಂದೆ ಗಾಡಿ ನಿಂತಿತು. "ಏಳ್ರಿ ಅಕ್ಕಾರ, ಇವತ್ತ ನಮ್ಮ ಅಮಾಸಿ!" ನಿನ್ನನ್ನು ಒಳಗೆ ಕರೆದು ಪಿಸುಗುಟ್ಟಿದೆ.

"ಯಾರಿಗರೆ ಒಬ್ಬರಿಗೆ ಗಂಟಲ ಕಟ್ಟೇತಿ ಅಂತ ಹೇಳೂಣ ಅಕ್ಕಾ."

"ಹಾಡೂ ಬಾಯಿಲೇ ಸುಳ್ಳ ಹೇಳಂತೀಯೇನ? ಮೊದಲ ಎಲಿ ಕನ್ನೊಳ್ಳಿಯವರದು, ನಾ ಅಲ್ಲಿ ಹೋಗ್ತೇನಿ. ನೀ ಗುರಪ್ಪನ ಊರಿಗೆ ಹೋಗು. ಇದ್ದದ್ದ ಇದ್ದಂಗ ಹೇಳು. ನಿನ್ನ ತಪ್ಪಂತ ಹೇಳಬ್ಯಾಡ, ಮ್ಯಾಳದ ತಪ್ಪಂತ ಹೇಳು. ಬೈದ್ರ ಬೈಸಿಕೊಂಡು ಬಾ."

ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಹಿಂದಿರುಗಿ ಓಡಿಬಿಡಲೇ ಅನ್ನಿಸಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಲ್ಲ! ಆ ಊರು ಮುಟ್ಟಿದರೆ, ಹೆಣ್ಣುಮಕ್ಕಳು ಹೊಲದ ಕೆಲಸ ಬಿಟ್ಟು ಆಗಲೇ ಬಂದು ಕೂತಿದ್ದಾರೆ. ಗುರಪ್ಪ ನನ್ನ ಹಿಂದೆ ಮುಂದೆ ನೋಡಿದ. "ಅಕ್ಕಾರೆಲ್ಲಿ? ಸುತ್ತ ಹಳ್ಳಿಗೆಲ್ಲ ಹೇಳೇನಿ. ನನ್ನ ಮಾನ ತಗೀತೀರೇನು?" ಅವನ ದನಿಗೆ ನನ್ನ ನಾಲಿಗೆ ಹೊರಳಿತು ಅಕ್ಕಾ. "ಭಾಳ ಜ್ವರ ಬಂದೈತ್ರಿ. ಏಳಾಕ ಆಗವಲ್ದು" ಎಂದುಬಿಟ್ಟೆ.

ಒಬ್ಬರೂ ಬೈಯಲಿಲ್ಲ. ಗುರಪ್ಪನ ತಾಯಿ ನೀಲಮ್ಮ "ಅಯ್ಯ, ನನ ತಾಯಿಗೇನಾತ!" ಎಂದು ಎದೆ ಮುಟ್ಟಿಕೊಂಡಳು. ನಿನಗೆಂದು ರೊಟ್ಟಿ ಕಟ್ಟಿದಳು, ಹಣೆಗೆ ಹಚ್ಚಲು ವಿಭೂತಿ ಕೊಟ್ಟಳು. ಆ ರೊಟ್ಟಿಯನ್ನು ನಾನು ಬಸ್ಸಿನಲ್ಲೇ ತಿಂದೆ. ವಿಭೂತಿಯನ್ನು ನನ್ನ ಹಣೆಗೇ ಬಳಿದುಕೊಂಡೆ. ಎಂಥ ಮುಖ ಇರಬೇಕು ನನ್ನದು!

ಮರುದಿನ ನೀನು ಕೇಳಿದ್ದು ಎರಡೇ ಮಾತು. "ಇದ್ದದ್ದ ಹೇಳಿದೇನ?" "ಹೂಂ ಅಕ್ಕಾ." "ಬೈದ್ರೇನ?" "ಒಂದೀಟು." ನೀನು ನನ್ನ ಬೆನ್ನು ತಟ್ಟಿದೆ. ಆಮೇಲೆ ಆ ಊರಿನವರು ನಮ್ಮನ್ನು ಕರೆಯಲೇ ಇಲ್ಲ. ಒಂದು ವರ್ಷ, ಎರಡು ವರ್ಷ. ನೋಡನೋಡುತ್ತ ಸುತ್ತಲಿನ ಹಳ್ಳಿಗಳೂ ಬಿಟ್ಟವು. ಹಾಸಿಗೆ ಹಿಡಿದಾಗ ನೀನು ಕೇಳಿದೆಯಲ್ಲ, "ಖರೇ ಮಾತಿಗೆ ಬೆಲೀನ ಇಲ್ಲೇನ ಗಂಗೀ?" ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಗಂಜಿ ಆರುತ್ತದೆ ಎಂದು ಮಾತು ಮರೆಸಿದೆ. ಜೀವಮಾನವಿಡೀ ನಡೆದು ಬಂದ ದಾರಿಯ ಮೇಲೆ ಅನುಮಾನ ಇಟ್ಟುಕೊಂಡೇ ನೀನು ಹೋದೆ. ಅದು ನನ್ನಿಂದ.

ಕಳೆದ ವಾರ ತಡೆಯಲಾರದೆ ಆ ಊರಿಗೆ ಹೋದೆ. ಗುರಪ್ಪ ಕೂಡ್ರು ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ಕೇಳಿ ಅವನು ಹೇಳಿದ.

"ಅಕ್ಕ ಬರಲಿಲ್ಲಂತ ನಾವು ನಿಮ್ಮನ್ನ ಕರಿಯೂದು ಬಿಡಲಿಲ್ಲವ್ವಾ. ಹದಿನೈದ ದಿನಕ್ಕ ಸಿಂದಗಿ ಸಂತ್ಯಾಗ ನಮ್ಮ ಬೀಗರು ಸಿಕ್ಕಿದ್ರು. ಅವತ್ತ ಸೋಮವಾರ ಕನ್ನೊಳ್ಯಾಗ ಚಂದ್ರವ್ವ ಹಾಡಿದ್ದ ಹಾಡಿದ್ದು ಅಂದ್ರು. ನಮ್ಮವ್ವ ಇಲ್ಲಿ ನಿಮ್ಮಕ್ಕನ ಜ್ವರ ಇಳೀಲಂತ ಐದ ಸೋಮವಾರ ಹರಕಿ ಹೊತ್ತು ಉಪವಾಸ ಹಿಡದಿದ್ಲು. ನಿಮ್ಮಕ್ಕನ ಸುಳ್ಳ ಹೇಳಿ ಕಳಿಸ್ಯಾಳಂತ ತಿಳದು, ಎರಡ ಸೋಮವಾರಕ್ಕ ಬಿಟ್ಲು."

ಒಳಗಿಂದ ನೀಲಮ್ಮ ಗೋಡೆ ಹಿಡಿದು ಬಂದಳು. ಕಣ್ಣು ಸರಿಯಾಗಿ ಕಾಣುವುದಿಲ್ಲ ಈಗ. ನನ್ನ ಮುಖ ತಡವಿದಳು. "ಹಂಗಾದ್ರ ಆಕಿ ಸುಳ್ಳ ಹೇಳಿರಲಿಲ್ಲೇನ?" ಎಂದಳು. ಇಲ್ಲವ್ವಾ, ನಾನು ಹೇಳಿದೆ, ಅಂದೆ. ಕೆನ್ನೆಗೆ ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಅವಳು ಹೊಡೆಯಲಿಲ್ಲ.

"ಮೂರ ಸೋಮವಾರ ಬಾಕಿ ಉಳದಾವ. ಸತ್ತವರಿಗೆ ಹರಕಿ ಮುಟ್ಟತೈತೋ ಇಲ್ಲೋ, ನನಗ ಗೊತ್ತಿಲ್ಲ. ನಾ ಹಿಡೀತೇನಿ. ನೀನೂ ಹಿಡಿ."

ಅಕ್ಕಾ, ಇವತ್ತು ಮೊದಲನೆಯ ಸೋಮವಾರ. ಆ ಮುದುಕಿ ಅಲ್ಲಿ, ನಾನು ಇಲ್ಲಿ, ಬೆಳಗಿನಿಂದ ನಿನ್ನ ಹೆಸರಿನಲ್ಲಿ ಉಪವಾಸ ಇದ್ದೇವೆ.