ಕೂರದ ಪಟ್ಟಿ

ಹೊಸನಗರ
14-11-2025, ಶುಕ್ರವಾರ

ಪ್ರೀತಿಯ ಪ್ರೇರಣಾ,

ಹೇಗಿದ್ದೀಯ ಮಗಳೇ? ಕೆಮ್ಮು ನಿಂತಿತೇ? ಹಾಸ್ಟೆಲಿನ ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಬೇಡ. ಫೋನ್ ಬಿಟ್ಟು ಕಾಗದವೇಕೆ ಎಂದು ನಗಬೇಡ. ಮನೆಯ ಒಂದೇ ಫೋನು ನಿನ್ನ ಅಪ್ಪನ ಜೇಬಿನಲ್ಲಿದೆ. ಇದು ಅವರ ಕಿವಿಗೆ ಬೀಳಬಾರದ ಮಾತು.

ಅಪ್ಪ ಬೈಕಿನಿಂದ ಬಿದ್ದು, ಮುರಿದ ಕಾಲರ್ ಬೋನಿಗೆ ಸಾಗರದಲ್ಲಿ ಪ್ಲೇಟ್ ಹಾಕಿಸಿ ಇಂದಿಗೆ ಏಳು ವಾರ. ಬಡಗಿಯ ಮೈಗೇ ಪಟ್ಟಿ ಜಡಿದರೆ ಸುಮ್ಮನಿರುತ್ತಾನೆಯೇ? ದಿನಾ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡುತ್ತಾರೆ. “ತುದೀಲಿ ಸಂದು ಬಿಟ್ಟಿದಾರೆ ಕಣೇ. ಬಾಗಿಲಿಗೆ ಹಿಂಗೆ ಪಟ್ಟಿ ಕೂರ್ಸಿದ್ರೆ ನನ್ನ ಯಾರು ಕರೀತಿದ್ರು?” ಡಾಕ್ಟರು ಆಗಲೇ ಹೇಳಿದ್ದರು: ಪ್ಲೇಟು ಅಚ್ಚಿನಲ್ಲಿ ಬಾಗಿಯೇ ಬರುತ್ತದೆ, ಮೂಳೆಯ ಬಾಗು ಒಬ್ಬೊಬ್ಬರದು ಒಂದೊಂದು ಥರ; ತುದಿ ತುಸು ಎದ್ದಿದ್ದರೂ ಮೂಳೆ ಕೂಡುತ್ತದೆ, ತೋಳಿಗೆ ಮಾತ್ರ ಕೆಲಸ ಕೊಡಬೇಡಿ ಎಂದು. ಮೂಗಿಗಿಂತ ಮೂಗುತಿ ಭಾರ ಎಂದು ನಾನೂ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಹತ್ತು ದಿನದ ಹಿಂದೆ ನಾನು ಸಂತೆಗೆ ಹೋದಾಗ ಉಜ್ಜುಗೊರಡು ಹಿಡಿದು ಹಲಗೆ ನುಣುಪು ಮಾಡಿದ್ದಾರೆ. ಅಂದಿನಿಂದ ತುದಿಯ ಸ್ಕ್ರೂ ಒಂದು ಚರ್ಮದಡಿ ಅವರೆಕಾಳಿನಷ್ಟು ಎದ್ದಿದೆ. ಸುತ್ತ ಕೆಂಪು, ಮುಟ್ಟಿದರೆ ಬಿಸಿ. ಸಾಗರಕ್ಕೆ ಹೋಗೋಣವೆಂದರೆ, “ಒಂದು ಸ್ಕ್ರೂ ಸಡ್ಲ ಆಗಿದ್ದಕ್ಕೆ ಇಡೀ ಬಾಗಿಲು ಬಿಚ್ತಾರಾ? ಅರ್ಧ ಸುತ್ತು ತಿರುಗ್ಸಿದ್ರೆ ಸಾಕು” ಎನ್ನುತ್ತಾರೆ. ತಮಾಷೆ ಎಂದುಕೊಂಡಿದ್ದೆ. ನಿನ್ನೆ ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಂತು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಆ ಗಂಟಿನ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ಕೊರೆಯುವ ಮೊದಲು ಮರದ ಮೇಲೆ ಎಳೆಯುವ ಅದೇ ಅಡ್ಡಗೀಟು. ನನಗೆ ಭಯವಾಗುತ್ತಿದೆ ಪ್ರೇರಣಾ. ನನ್ನ ಮಾತು ಅವರಿಗೆ ಲೆಕ್ಕಕ್ಕಿಲ್ಲ. ನರ್ಸಿಂಗ್ ಓದುವ ಮಗಳು ಹೇಳಿದರೆ ಮಾತ್ರ ಕೇಳುತ್ತಾರೆ. ನಾಳೆ ಬೆಳಗಿನ ಬಸ್ಸಿಗೆ ಬಂದು, ಅವರನ್ನು ಸಾಗರಕ್ಕೆ ಕರೆದುಕೊಂಡು ಹೋಗು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗುಣ ದೇವರು ಚೆನ್ನಾಗಿಡಲಿ.

ನಿನ್ನ ಅಮ್ಮ,
ಜಲಜ

ಮತ್ತೆ: ಕಾಗದ ತೀರ್ಥಹಳ್ಳಿಗೆ ತರಲು ನಿನ್ನ ಮಾವನ ಮಗ ಅಭಿಷೇಕ ಬೈಕ್ ಹತ್ತಿ ನಿಂತಿದ್ದಾನೆ. ನಾಳೆ ಬೇಡ, ಅವನ ಜೊತೆಗೇ ಹೊರಟು ಬಾ. ಅಪ್ಪ ಒಲೆಯ ಮೇಲೆ ಸಣ್ಣ ಪಾತ್ರೆ ಇಟ್ಟಿದ್ದರು, ಚಹಾಕ್ಕೆಂದುಕೊಂಡೆ. ಮುಚ್ಚಳ ತೆಗೆದರೆ ಸ್ಕ್ರೂಡ್ರೈವರ್ ಕುದಿಯುತ್ತಿದೆ. “ಕುದಿಸಿದ್ರೆ ಕ್ರಿಮಿ ಸಾಯ್ತಾವೆ ಅಂತ ನಿನ್ ಮಗಳೇ ಹೇಳಿದ್ಲಲ್ಲ” ಅಂದರು. ಅದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಅವರ ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕಿವೆ.