ಜಾರುವ ನೆಲ, ಬೋಳು ಮೊಳೆ

ಇನ್ನೂ ಹೆಸರಿಡದ ನನ್ನ ಮರಿಯೇ,

ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆ, ಬೆಳಗ್ಗೆಯೇ ನನ್ನನ್ನು ನಮ್ಮಲ್ಲಿ ತಟ್ಟೆ ತೊಳೆಯುವ ಲೆಚ್ಚುಮಿಯ ಮನೆಗೆ ತಂದು ಕೂರಿಸಿ ಹೋಗಿದ್ದಾರೆ. ಕೂರು ಎಂದರೆ ಕೂರುವವಳಲ್ಲ ನಾನು. ಕಿಟಕಿಗೆ ಹೋಗುತ್ತೇನೆ, ಬರುತ್ತೇನೆ, ನೀರು ಕುಡಿಯುತ್ತೇನೆ, ಮತ್ತೆ ಕಿಟಕಿಗೆ ಹೋಗುತ್ತೇನೆ. ಕೊನೆಗೆ ಲೆಚ್ಚುಮಿಗೇ ಸಾಕಾಗಿ ಹಾಳೆ, ಪೆನ್ನು ತಂದು ಮುಂದಿಟ್ಟಳು. "ಹೊಟ್ಟೆಯೊಳಗಿರೋದಕ್ಕಾದ್ರೂ ಏನಾದ್ರೂ ಬರೀ ತಾಯಿ. ನೀನು ಹೀಗೆ ಓಡಾಡ್ತಿದ್ರೆ ನನ್ನ ಮನೆ ನೆಲ ಸವೆದೇ ಹೋಗುತ್ತೆ" ಎಂದಳು. ಅವಳ ಬಲಗೈ ಇನ್ನೂ ಪಟ್ಟಿಯಲ್ಲಿದೆ. ಆ ಕೈ ಮುರಿದದ್ದು ಇದೇ ತೈಪಿಂಗ್ ಪೇಟೆಯ ನಮ್ಮ ಚೀನೀ ಹೋಟೆಲಿನ ಅಡುಗೆಮನೆಯಲ್ಲಿ. ಇಷ್ಟೆಲ್ಲ ಶುರುವಾದದ್ದೂ ಅಲ್ಲಿಂದಲೇ.

ಆ ಅಡುಗೆಮನೆಯನ್ನು ನೀನು ಕಿವಿಯಲ್ಲೇ ಬಲ್ಲೆ. ಬಾಣಲೆಯ ಸದ್ದು, ಕೆಂಗ್ ಹೂಯ್, ಅಂದರೆ ನಿನ್ನ ಅಪ್ಪ, ನೂಡಲ್ಸ್ ತಿರುವುತ್ತಾ ಹಾಕುವ ಕೂಗು, ಅದಕ್ಕೂ ಜೋರಾದ ನನ್ನ ಕೂಗು. ಕಣ್ಣು ಬಿಟ್ಟ ಮೇಲೆ ಮೊದಲು ನೆಲ ನೋಡು. ನಿನ್ನ ಅಜ್ಜನ ಕಾಲದ ನುಣುಪು ಟೈಲ್ಸ್ ಅದು. ದೊಡ್ಡ ಉರಿಯಿಂದ ಎದ್ದ ಎಣ್ಣೆಹೊಗೆ ಕಾಣದ ಹಾಗೆ ಇಳಿದು ಅದಕ್ಕೆ ಅಂಟುತ್ತದೆ. ಮೀನು ತೊಳೆದ ನೀರು ಮೇಲೆ ಹರಿದರಂತೂ ಅದು ನೆಲವಲ್ಲ, ಬೆಂಡೆಕಾಯಿ ಲೋಳೆ. ಅಜ್ಜಿಯ ಮದ್ದು ಎಂದರೆ ಎಣ್ಣೆಡಬ್ಬದ ಪೆಟ್ಟಿಗೆ ಬಿಚ್ಚಿ ರಟ್ಟು ಹಾಸುವುದು, ಮೇಲೊಂದು ಹಿಡಿ ಉಪ್ಪು ಎರಚುವುದು. ರಟ್ಟು ಹೀರುವಷ್ಟು ಹೀರಿ ಆಮೇಲೆ ತಾನೇ ಜಾರತೊಡಗುತ್ತದೆ. ಒಂದೇ ಬಕೆಟ್ ನೀರಿನಲ್ಲಿ ಪೂರ್ತಿ ಒರೆಸಿದರೆ ಒಲೆಬುಡದ ಎಣ್ಣೆ ಬಾಗಿಲವರೆಗೂ ಬಂದು ಕೂರುತ್ತದೆ. ಬಿಸಿನೀರು, ಸೋಪು ಹಾಕಿ ಒಂದಿಷ್ಟು ಹೊತ್ತು ಬಿಟ್ಟು ತಿಕ್ಕೋಣ, ಆಮೇಲೆ ಆ ನೀರನ್ನು ಮೋರಿಗೆ ಎಳೆಯೋಣ ಎಂದು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಿನ್ನ ಅಜ್ಜಿಯನ್ನು ಕೋಣ ಎಂದೆನೆಂದು ಅವರಿಗೆ ಹೇಳಬೇಡ.

ಹೀಗಿರುವಾಗ ಒಂದು ಭಾನುವಾರ ಲೆಚ್ಚುಮಿ ತಟ್ಟೆಗಳ ಬುಟ್ಟಿ ಹೊತ್ತು ಬರುತ್ತಾ ರಟ್ಟಿನ ಸಮೇತ ಜಾರಿ ಬಿದ್ದಳು. ನಾನು ಅವಳ ಹಿಂದೆಯೇ ಇದ್ದೆ. ಅವಳನ್ನು ಹಿಡಿಯಬೇಕಾಗಿದ್ದ ನನ್ನ ಕೈ ನನ್ನ ಹೊಟ್ಟೆಗೆ ಹೋಯಿತು. ತುಂಬ ಹೆದರಿದೆ, ಮರಿ. ಅಂದಿನಿಂದ ಆ ನೆಲದ ಮೇಲೆ ಪ್ರತಿ ಹೆಜ್ಜೆಗೂ ನಿನ್ನನ್ನು ನೆನೆಯುತ್ತಲೇ ನಡೆದಿದ್ದೇನೆ.

ನಿನ್ನ ಅಪ್ಪ ತಡಮಾಡದೆ ಗಾರೆ ಕೆಲಸದವನನ್ನು ಕರೆತಂದ. ಹಳೆಯ ಟೈಲ್ಸ್ ಕಿತ್ತು ಒರಟು ಟೈಲ್ಸ್ ಹಾಕಿಸುವುದು, ಮೋರಿಯ ಕಡೆಗೆ ಇಳಿಜಾರು ಕೊಡಿಸುವುದು ಎಂದು ಮಾತಾಯಿತು. ಆತ ಇನ್ನೇನು ಉಳಿ ಇಡಬೇಕು, ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ನಮ್ಮ ಚೀನೀಯರಲ್ಲಿ ಬಸುರಿ ಇರುವ ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲ, ಗೋಡೆ ಕೆಡವುವಂತಿಲ್ಲ. ಹೊಟ್ಟೆಯ ಕೂಸನ್ನು ಕಾಯುವ ದೇವರು ಒಂದು ದಿನ ಒಲೆಯಲ್ಲಿ, ಒಂದು ದಿನ ಬಾಗಿಲಲ್ಲಿ, ಒಂದು ದಿನ ಒರಳಲ್ಲಿ ಕೂತಿರುತ್ತದೆ. ಅಲ್ಲಿಗೆ ಏಟು ಬಿದ್ದರೆ ಕೂಸಿಗೆ ಬಿದ್ದ ಹಾಗೆ. "ಸುತ್ತಿಗೆ ಎತ್ತೋದಾದ್ರೆ ಮೊದಲು ನನ್ನ ತಲೆ ಮೇಲೆ ಎತ್ತು" ಎಂದರು ಮಗನಿಗೆ. ಗಾರೆಯವನು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದ.

ನೆಲ ಒಡೆಯಬೇಕಾದದ್ದು ನಿನಗಾಗಿ, ಒಡೆಯಬಾರದೆಂದದ್ದೂ ನಿನಗಾಗಿ. ಅಡುಗೆಮನೆಗೆ ಕಾಲಿಡಬೇಡ ಎಂದು ನನಗೆ ಅಪ್ಪಣೆಯಾಯಿತು. ಮತ್ತೆ ಮೀನು ಹಬೆಗಿಡುವವರು ಯಾರು? ಮೇಜುಗಳು ತುಂಬಿದರೆ ನನ್ನ ಕಾಲು ಹೋಟೆಲಿನ ಮೇಲಿರುವ ನಮ್ಮ ಕೋಣೆಯಲ್ಲಿ ನಿಲ್ಲುವುದಿಲ್ಲ.

ನಿನ್ನೆಯೂ ಹಾಗೆಯೇ ಇಳಿದುಬಂದೆ. ಒಲೆಯ ಪಕ್ಕ ಕಾಲು ಸರ್ರನೆ ಹೋಯಿತು. ಮೇಜಿನ ಅಂಚು ಸಿಕ್ಕಿತು, ಬೀಳಲಿಲ್ಲ. ಅಜ್ಜಿ ಓಡಿಬಂದು ನನ್ನ ತೋಳು ಹಿಡಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. "ಸುತ್ತಿಗೆಗೆ ಇಷ್ಟು ಹೆದರ್ತೀರಲ್ಲ ಅಮ್ಮ, ಈ ನೆಲಕ್ಕೆ ಯಾಕೆ ಹೆದರಲ್ಲ?" ಎಂದುಬಿಟ್ಟೆ.

ಅವರು ಮೊಟ್ಟೆ ಪೆಟ್ಟಿಗೆಯ ಮೇಲೆ ಕೂತು ಗೋಡೆ ತೋರಿಸಿದರು. ಅಲ್ಲೊಂದು ಬೋಳು ಮೊಳೆ ಇದೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅದಕ್ಕೆ ಸೌಟು ನೇತುಹಾಕಿದ್ದಕ್ಕೆ, ಸೌಟನ್ನು ಕಿತ್ತು ಅಂಗಳಕ್ಕೆ ಎಸೆದಿದ್ದರು. ಕಾರಣ ನಿನ್ನೆ ತಿಳಿಯಿತು. ನಿನ್ನ ಅಪ್ಪನಿಗಿಂತ ಮುಂಚೆ ಅವರ ಹೊಟ್ಟೆಯಲ್ಲೊಂದು ಹೆಣ್ಣುಕೂಸಿತ್ತಂತೆ. ಅಜ್ಜ ತನ್ನ ಸೌಟಿಗೆಂದು ಆ ಮೊಳೆ ಹೊಡೆದರಂತೆ. ಅದೇ ವಾರ ಅಜ್ಜಿ ಬಿದ್ದರು, ಕೂಸು ಹೋಯಿತು. ಅಜ್ಜ ಸಾಯುವವರೆಗೂ ಅಜ್ಜಿ ಆ ಮೊಳೆಯ ಮಾತೆತ್ತಿ ಅವರನ್ನು ಆಡಿದ್ದೇ ಆಡಿದ್ದು. ಅಜ್ಜ ಒಮ್ಮೆಯೂ ಎದುರಾಡಲಿಲ್ಲವಂತೆ.

"ಎಲ್ಲಿ ಬಿದ್ರಿ ಅಮ್ಮ?" ಎಂದು ಕೇಳಿದೆ.

"ಇಲ್ಲೇ. ನೀನು ಈಗ ಜಾರಿದೆಯಲ್ಲ, ಅಲ್ಲೇ."

"ಹೇಗೆ ಬಿದ್ರಿ?"

"ಎಣ್ಣೆ ಇತ್ತು. ಎಣ್ಣೆ ಇಲ್ಲದ ದಿನ ಯಾವುದಿದೆ ಇಲ್ಲಿ?" ಎಂದರು. ನೆಲ ನೋಡಿದರು, ಮೊಳೆ ನೋಡಿದರು, ಮತ್ತೆ ನೆಲ ನೋಡಿದರು. ಅವರನ್ನು ಅಪ್ಪಿಕೊಳ್ಳಬೇಕೆನಿಸಿತು, ಆದರೆ ಅಪ್ಪಿಕೊಳ್ಳಲಿಲ್ಲ.

ಇವತ್ತು ಬೆಳಗ್ಗೆ ಎದ್ದಾಗ ಅವರ ಕೈಯಲ್ಲಿ ಹೊಸ ಪೊರಕೆ ಇತ್ತು. ಮನೆಯಲ್ಲಿ ಏನನ್ನಾದರೂ ಕದಲಿಸಲೇಬೇಕಾದರೆ, ಮೊದಲು ಹೊಸ ಪೊರಕೆಯಿಂದ ಗುಡಿಸಿ ಆ ದೇವರನ್ನು ಎಬ್ಬಿಸುವ ಪದ್ಧತಿಯೂ ನಮ್ಮಲ್ಲಿ ಉಂಟು. ಅಜ್ಜಿಗೆ ಅದು ಗೊತ್ತಿಲ್ಲದ್ದೇನಲ್ಲ. ಒಲೆಯಿಂದ ಬಾಗಿಲವರೆಗೆ ಮೆಲ್ಲಗೆ ಗುಡಿಸುತ್ತಾ, ಗಿರಾಕಿಯನ್ನು ಬೇರೆ ಮೇಜಿಗೆ ಕಳಿಸುವ ದನಿಯಲ್ಲಿ, "ಸ್ವಲ್ಪ ಎದ್ದು ಬನ್ನಿ, ನೆಲ ರಿಪೇರಿ ಇದೆ, ಮಗು ಜಾರಬಾರದು" ಎಂದರು. ಆಮೇಲೆ ನನ್ನನ್ನು ಮುಂದೆ ಬಿಟ್ಟುಕೊಂಡು ಲೆಚ್ಚುಮಿಯ ಮನೆಯವರೆಗೂ ಬೀದಿ ಗುಡಿಸುತ್ತಾ ಬಂದರು. ತೈಪಿಂಗ್ ಪೇಟೆಯೆಲ್ಲ ನಿಂತು ನೋಡಿತು. "ದೇವರನ್ನೂ ನನ್ನ ಮನೆಗೇ ತಂದುಬಿಟ್ರಾ ಯಜಮಾನಿ? ಇನ್ನು ಅದಕ್ಕೂ ಒಂದೇ ಕೈಯಲ್ಲಿ ಚಹಾ ಮಾಡ್ಬೇಕು" ಎಂದಳು ಲೆಚ್ಚುಮಿ.

ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ಈಗ ಸಂಜೆ. ತಡೆಯಲಾಗದೆ ಹೋಗಿ ಹಿತ್ತಿಲ ಬಾಗಿಲಲ್ಲೇ ನಿಂತು ಇಣುಕಿ ಬಂದೆ, ಬೈಯಬೇಡ. ಗಾರೆಯವನು ಮತ್ತೆ ಬಂದು ಅರ್ಧ ನೆಲ ಎಬ್ಬಿಸಿ ಹೋಗಿದ್ದಾನೆ. ಹಳೆಯ ಟೈಲ್ಸ್ ಅಂಗಳದಲ್ಲಿ ರಾಶಿ ಬಿದ್ದಿವೆ, ರಟ್ಟೆಲ್ಲ ಗುಜರಿಗೆ ಹೋಗಿದೆ. ಆ ಧೂಳಿನ ನಡುವೆ ಅಜ್ಜಿ ಒಬ್ಬರೇ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅಷ್ಟು ವರ್ಷ ಪೆಟ್ಟಿಗೆಯ ತಳದಲ್ಲಿದ್ದ ಅಜ್ಜನ ಸೌಟು ಕೈಯಲ್ಲಿತ್ತು. ಅಂಗಿಯ ತುದಿಯಲ್ಲೇ ಅದನ್ನು ಒರೆಸಿದರು, ಆ ಮೊಳೆಗೆ ನೇತುಹಾಕಿದರು, ಅಲುಗಾಡುತ್ತಿದ್ದದ್ದನ್ನು ಕೈಯಿಟ್ಟು ನಿಲ್ಲಿಸಿದರು. "ನಿಮ್ಮದಲ್ಲ ಕಣ್ರೀ ತಪ್ಪು" ಎಂದರು.

ನಾನು ಸದ್ದು ಮಾಡದೆ ಹಿಂದಿರುಗಿದೆ.

ಅವಸರ ಮಾಡಬೇಡ, ಹೊಸ ನೆಲ ಒಣಗಲಿ. ಬಂದಮೇಲೆ ನಿನ್ನ ಮೊದಲ ಹೆಜ್ಜೆ ಗಟ್ಟಿಯಾಗಿ ಊರಲಿ.

ಒಂದು ಕಡೆ ಕೂರಲಾಗದ ನಿನ್ನ ಅಮ್ಮ,
ಗೇಕ್ ಸಿಮ್